ಪದರು ಬಿಟ್ಟ ರೆಕ್ಕೆ

೧೯೭೯ನೇ ಇಸವಿ ಜುಲೈ ಹನ್ನೆರಡನೇ ತಾರೀಖು, ಗುರುವಾರ, ಬೆಳಿಗ್ಗೆ ಒಂಬತ್ತೂವರೆಗೆ ನಿಡೋಣಿಯ ಗುರಲಿಂಗಪ್ಪ ಎಂಬ ರೈತ ಬಬಲೇಶ್ವರ ಪೊಲೀಸ್ ಠಾಣೆಗೆ ಬಂದ. ಸೈಕಲ್ಲನ್ನು ಗೋಡೆಗೆ ಒರಗಿಸುವ ವ್ಯವಧಾನವೂ ಅವನಿಗಿರಲಿಲ್ಲ. ಅಂಗಳದಲ್ಲೇ ಕೆಡವಿ ಒಳಗೆ ನಡೆದ. ಅಂಗಿಯ ಎದೆಯ ಮೇಲೆ ಒಣಗಿದ ರಕ್ತವಿತ್ತು. ಸಬ್ ಇನ್ಸ್‌ಪೆಕ್ಟರ್ ಸೈಫುದ್ದೀನ ಇನಾಮದಾರ ಅವನನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕೊಡಿಸಿ, ಅವನು ಉಸಿರು ತಂದುಕೊಳ್ಳುವವರೆಗೆ ಕಾದು ಆಮೇಲೆ ಪೆನ್ನಿನ ಟೋಪಿ ತೆಗೆದರು.

ನಿಡೋಣಿಯಿಂದ ಒಂದೂವರೆ ಮೈಲಿ ಆಚೆ, ಟಿಕೋಟಾ ಕಡೆಯ ಮಡ್ಡಿಯ, ಅಂದರೆ ಬರಡು ಕಲ್ಲುದಿನ್ನೆಯ, ಮೇಲೆ ಒಂದು ಗಾಳಿಯಂತ್ರವಿತ್ತು. ಧಾರವಾಡದ ಗಾಳಿಯಂತ್ರ ಪ್ರಯೋಗ ಕೇಂದ್ರದವರು ಹಿಂದಿನ ವರ್ಷ ನಿಲ್ಲಿಸಿದ್ದು. ಗಾಳಿ ಬೀಸಿದರೆ ಮೂರು ರೆಕ್ಕೆ ತಿರುಗುತ್ತಿದ್ದವು, ರೆಕ್ಕೆ ತಿರುಗಿದರೆ ಕೊಳವೆ ಬಾವಿಯ ನೀರು ತಾನಾಗಿ ಮೇಲೆ ಬರುತ್ತಿತ್ತು. ಊರ ಹೆಂಗಸರು ಅಲ್ಲಿಗೇ ನೀರಿಗೆ ಹೋಗುತ್ತಿದ್ದರು. ಆ ಬೆಳಿಗ್ಗೆ ಏಳರ ಸುಮಾರಿಗೆ ಗುರಲಿಂಗಪ್ಪನ ಅಕ್ಕ ರಾಚವ್ವ, ಮೂವತ್ತೆಂಟು ವರ್ಷದವಳು, ನೀರು ಬಂದು ತುಂಬುವ ತೊಟ್ಟಿಯ, ಡೋಣಿಯ, ಹತ್ತಿರ ಕೊಡ ತುಂಬುತ್ತಿದ್ದಾಗ ಒಂದು ರೆಕ್ಕೆ ಮುರಿದು ಹಾರಿ ಬಂದು ತಲೆಗೆ ಬಡಿಯಿತು. ಸುದ್ದಿ ತಿಳಿದು ಇವನು ಊರಿನಿಂದ ಓಡಿ ಹೋಗಿ ಎತ್ತಿಕೊಳ್ಳುವಷ್ಟರಲ್ಲಿ ಜೀವ ಹೋಗಿತ್ತು.

"ಸಾಹೇಬ್ರ, ಅದು ತಾನಾಗಿ ಮುರಿದದ್ದಲ್ರಿ," ಎಂದ ಗುರಲಿಂಗಪ್ಪ. "ಮುರಿಸ್ಯಾರ."

ಯಾರು ಎಂದು ಕೇಳಿದ್ದಕ್ಕೆ ಕುರುಬರ ಮಾಳಪ್ಪನ ಹೆಸರು ಹೇಳಿದ. ಆ ಮಡ್ಡಿ ಮಾಳಪ್ಪನ ಕುರಿ ಮೇಯುವ ಜಾಗವಾಗಿತ್ತು. ಯಂತ್ರ ಬಂದ ಮೇಲೆ ಸುತ್ತ ತಂತಿಬೇಲಿ ಬಂತು. ಒಂದು ದಿನ ನಿಡೋಣಿಯ ಕಟ್ಟೆಯ ಮೇಲೆ ನಾಲ್ಕು ಜನರ ಎದುರಿಗೆ, ಆ ರೆಕ್ಕಿ ಕಡಿದು ಒಗೀತೇನಿ ಎಂದು ಮಾಳಪ್ಪ ಅಂದದ್ದು ಊರಿಗೆಲ್ಲ ಗೊತ್ತಿತ್ತು. ಬುಧವಾರ ಸಂಜೆ ಅವನು ಕೊಡಲಿ ಹೆಗಲಿಗೆ ಹಾಕಿಕೊಂಡು ಬೇಲಿಯ ಹತ್ತಿರ ನಿಂತದ್ದನ್ನೂ ಕಂಡವರಿದ್ದರು.

ಇನಾಮದಾರರು ಫಿರ್ಯಾದಿ ಬರೆದುಕೊಂಡು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿದರು. ಗುನ್ಹೆ ನಂಬರ್ ೪೧/೭೯, ಭಾರತೀಯ ದಂಡ ಸಂಹಿತೆ ಕಲಂ ೩೦೨ ಮತ್ತು ೪೨೭, ಕೊಲೆ ಮತ್ತು ಆಸ್ತಿ ಹಾನಿ. ಎಫ್.ಐ.ಆರ್. ಪ್ರತಿಯನ್ನು ವಿಜಾಪುರದ ಮ್ಯಾಜಿಸ್ಟ್ರೇಟರಿಗೆ ಕಳಿಸಲು ಒಬ್ಬ ಪೇದೆಯನ್ನು ಬಸ್ಸಿಗೆ ಹತ್ತಿಸಿ, ಹವಾಲ್ದಾರ ಯಲಗೂರಪ್ಪನನ್ನು ಬುಲೆಟ್ ಗಾಡಿಯ ಹಿಂದೆ ಕೂರಿಸಿಕೊಂಡು ಮಡ್ಡಿಯ ದಾರಿ ಹಿಡಿದರು.

ಇನಾಮದಾರರಿಗೆ ಆಗ ನಲವತ್ನಾಲ್ಕು. ಈ ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ಹೆಂಡತಿ ಅಬೇದಾ ಹುಬ್ಬಳ್ಳಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಶಿಕ್ಷಕಿ. ಆಕೆಗೆ ಇಂದಲ್ಲ ನಾಳೆ ವಿಜಾಪುರಕ್ಕೆ ವರ್ಗ ಆಗುತ್ತದೆಂದು ಜಲನಗರದಲ್ಲಿ ಒಂದು ಮನೆ ಹಿಡಿದಿಟ್ಟಿದ್ದರು. ವರ್ಗ ಆಗಿರಲಿಲ್ಲ. ಭಾನುವಾರ ಬಿಡುವು ಸಿಕ್ಕರೆ ಇನಾಮದಾರರು ಹೋಗಿ ಬೀಗ ತೆಗೆದು, ಕಸ ಗುಡಿಸಿ, ಖಾಲಿ ಖೋಲಿಯಲ್ಲಿ ಸ್ವಲ್ಪ ಹೊತ್ತು ಕೂತು, ಮತ್ತೆ ಬೀಗ ಹಾಕಿ ಬರುತ್ತಿದ್ದರು. ಈ ಮಾತನ್ನು ಅವರು ಯಾರಿಗೂ ಹೇಳಿದವರಲ್ಲ.

ಮಡ್ಡಿಯ ಮೇಲೆ ಒಂದು ಗಿಡವಿಲ್ಲ. ಕಲ್ಲು, ಒಣ ಹುಲ್ಲು, ಮತ್ತು ಗಾಳಿ. ಆಷಾಢದ ಗಾಳಿ ಮಾತನ್ನೇ ಕಸಿದುಕೊಂಡು ಹೋಗುವಂತೆ ಬೀಸುತ್ತಿತ್ತು. ನಲವತ್ತಡಿ ಎತ್ತರದ ಕಬ್ಬಿಣದ ಗೋಪುರ, ತುದಿಯಲ್ಲಿ ಎರಡು ಬಿಳಿ ರೆಕ್ಕೆ, ಮೂರನೆಯದರ ಜಾಗದಲ್ಲಿ ಒಂದು ಮೋಟು. ಬುಡದಲ್ಲಿ ತಗಡಿನ ಒಂದು ಖೋಲಿ. ಅಲ್ಲಿಂದ ಇಳಿಜಾರಿನಲ್ಲಿ ದೂರಕ್ಕೆ ಸಿಮೆಂಟಿನ ಡೋಣಿ, ಅದರ ಪಕ್ಕ ಕೌದಿ ಹೊಚ್ಚಿದ ದೇಹ. ಹೆಂಗಸರು ಒಂದು ಕಡೆ ಸಾಲಾಗಿ ಕೂತಿದ್ದರು. ಅಳುವವರ ದನಿಯೂ ಗಾಳಿಗೆ ಕೇಳಿಸುತ್ತಿರಲಿಲ್ಲ.

ಹನ್ನೊಂದು ಹತ್ತಕ್ಕೆ ಶವದ ಪಂಚನಾಮೆ ಶುರುವಾಗಿ ಹನ್ನೆರಡೂವರೆಗೆ ಮುಗಿಯಿತು. ಗೋಪುರದಿಂದ ಡೋಣಿಗೆ ಟೇಪು ಹಿಡಿದು ಅಳೆಸಿದರು: ನೂರಾ ಹದಿನೆಂಟು ಅಡಿ. ಮುರಿದ ರೆಕ್ಕೆಯ ತುಂಡು ಏಳಡಿ ಉದ್ದ. ಯಲಗೂರಪ್ಪ ಅದನ್ನು ಎತ್ತಲು ಇನ್ನೊಬ್ಬನನ್ನು ಕರೆದ. ಎತ್ತಿ ನೋಡಿದರೆ ಒಂದೇ ಕೈಗೆ ಬಂತು. ಕಟ್ಟಿಗೆಯಲ್ಲ, ತಗಡಲ್ಲ. ಮೇಲೆ ಬಿಳಿ ಬಣ್ಣ, ಮುರಿದ ಜಾಗದಲ್ಲಿ ಒಳಗೆಲ್ಲ ಕಡುಕಪ್ಪು. ಒಂದು ಅಂಚಿನಲ್ಲಿ ಕೊಡಲಿಯ ಏಟಿನಂಥ ಕಚ್ಚು ಕಂಡಿತು. ಅದನ್ನೂ ಪಂಚನಾಮೆಯಲ್ಲಿ ಬರೆಸಿ ತುಂಡನ್ನು ಗೋಣಿಚೀಲದಲ್ಲಿ ಸುತ್ತಿ ಅರಗಿನ ಮೊಹರು ಹಾಕಿಸಿದರು. ಶವವನ್ನು ಟ್ರ್ಯಾಕ್ಟರಿನಲ್ಲಿ ವಿಜಾಪುರದ ಸರಕಾರಿ ದವಾಖಾನೆಗೆ ಕಳಿಸಿದರು.

ರಾಚವ್ವನ ಜೊತೆಗಿದ್ದವಳು ಲಕ್ಕವ್ವ ಎಂಬ ವಯಸ್ಸಾದ ಹೆಂಗಸು. ಅವಳು ಹೇಳಿದ್ದು ಇಷ್ಟು: ಗೋಪುರದ ಮೇಲೆ ಏನೋ ಹರಿದಂಥ ಸಪ್ಪಳವಾಯಿತು, ತಿರುಗಿ ನೋಡುವಷ್ಟರಲ್ಲಿ ಎಲ್ಲ ಆಗಿ ಹೋಗಿತ್ತು. ಸುತ್ತ ಯಾರೂ ಇರಲಿಲ್ಲ. ಡೋಣಿ ಇಷ್ಟು ದೂರ ಯಾಕಿದೆ ಎಂದು ಇನಾಮದಾರರು ಸುಮ್ಮನೆ ಕೇಳಿದರು. ಮೊದಲು ಗೋಪುರದ ಬುಡದಲ್ಲೇ ಇತ್ತು ಎಂದಳು. ಅಲ್ಲಿ ಕೆಸರಾಗುತ್ತದೆ ಎಂದು ಅಯ್ಯನವರು ಹೋದ ತಿಂಗಳು ಕಾರಹುಣ್ಣಿವೆ ಆದ ಮೇಲೆ ಒಬ್ಬರೇ ನೆಲ ಅಗೆದು, ಪೈಪು ಹಾಕಿ, ಇಲ್ಲಿ ಹೊಸ ಡೋಣಿ ಕಟ್ಟಿದರು. ಎಂಟು ದಿನ ದುಡಿದರು.

ಅಯ್ಯನವರು ಅಂದರೆ ಈರಯ್ಯ, ಯಂತ್ರ ನೋಡಿಕೊಳ್ಳುವ ಮೇಸ್ತ್ರಿ. ಐವತ್ತೆರಡು ವರ್ಷ. ತಗಡಿನ ಖೋಲಿಯಲ್ಲಿ ಒಬ್ಬನೇ ಇರುತ್ತಿದ್ದ. ವಿಜಾಪುರದ ಒಂದು ಹತ್ತಿ ಮಿಲ್ಲಿನಲ್ಲಿ ಇಪ್ಪತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದು, ಮಿಲ್ಲು ಮುಚ್ಚಿದ ಮೇಲೆ ಇಲ್ಲಿಗೆ ಬಂದಿದ್ದ. ಮದುವೆಯಾಗಿರಲಿಲ್ಲ. ಇನಾಮದಾರರಿಗೆ ಅವನ ವಿಷಯದಲ್ಲಿ ಒಂದು ಸಂಗತಿ ವಿಚಿತ್ರವೆನಿಸಿತು. ಒಂದು ಕೇಳಿದರೆ ಹತ್ತು ಹೇಳುತ್ತಿದ್ದ: ಗಾಳಿ ಯಾವ ತಿಂಗಳಲ್ಲಿ ಯಾವ ಕಡೆಯಿಂದ ಬರುತ್ತದೆ, ಯಾವ ಹೆಂಗಸು ಎಷ್ಟು ಕೊಡ ಒಯ್ಯುತ್ತಾಳೆ, ಯಾರ ಮಗಳ ಲಗ್ನ ಎಲ್ಲಿ ಗೊತ್ತಾಯಿತು. ರೆಕ್ಕೆ ಹೇಗೆ ಮುರಿಯಿತು ಎಂದು ಕೇಳಿದಾಗ ಮಾತ್ರ, ಗೊತ್ತಿಲ್ಲರಿ, ಎಂದು ನೆಲ ನೋಡಿದ.

ಮಧ್ಯಾಹ್ನ ಮೂರಕ್ಕೆ ಮಾಳಪ್ಪನನ್ನು ಠಾಣೆಗೆ ತಂದರು.

"ಕೊಡಲಿ ಯಾಕ ಒಯ್ದಿದ್ದಿ?"

"ಜಾಲಿ ಟೊಂಗಿ ಕಡಿಯಾಕ್ರಿ. ಆಡಿಗೆ."

"ರೆಕ್ಕಿ ಕಡೀತೇನಿ ಅಂದಿದ್ದಿ?"

"ಅಂದೇನ್ರಿ. ಸಿಟ್ಟಿನಾಗ ಅಂದೇನಿ."

"ಬೇಲಿ ಹತ್ರ ಏನ ಕೆಲಸ?"

"ನನ್ನ ಕುರಿ ಮೇಯತಿದ್ದ ಜಾಗಾ ಐತ್ರಿ ಅದು. ನೋಡಾಕ ನಿಂತಿದ್ದೆ."

ಒಬ್ಬ ಪೇದೆ ಅವನ ಕೆನ್ನೆಗೆ ಹೊಡೆದ. ಇನಾಮದಾರರು ಆ ಪೇದೆಯನ್ನು ಹೊರಗೆ ಕಳಿಸಿದರು. ಆದರೂ ಮಾಳಪ್ಪನನ್ನು ಬಿಡಲಿಲ್ಲ. ಫಿರ್ಯಾದಿಯಲ್ಲಿ ಅವನ ಹೆಸರಿತ್ತು, ಕೊಡಲಿ ಇತ್ತು, ಆಡಿದ ಮಾತಿತ್ತು.

ಆದರೆ ಶುಕ್ರವಾರ ಬೆಳಿಗ್ಗೆ ಇನಾಮದಾರರು ಮತ್ತೆ ಮಡ್ಡಿಗೆ ಹೋಗಿ ಗೋಪುರದ ಕೆಳಗೆ ನಿಂತು ನೋಡಿದಾಗ ಲೆಕ್ಕ ಕೂಡಲಿಲ್ಲ. ಗೋಪುರ ಹತ್ತುವ ಏಣಿಗೆ ತಗಡಿನ ಬಾಗಿಲು, ಬಾಗಿಲಿಗೆ ಬೀಗ. ಕೀಲಿ ಈರಯ್ಯನ ಉಡದಾರದಲ್ಲಿ. ತಿರುಗುವ ರೆಕ್ಕೆಗೆ ಯಾರೂ ಕೊಡಲಿ ಹಾಕಲಾರರು. ಮೊದಲು ಯಂತ್ರ ನಿಲ್ಲಿಸಬೇಕು. ನಿಲ್ಲಿಸುವ ಬ್ರೇಕಿನ ಹಿಡಿಕೆ ಈರಯ್ಯನ ಖೋಲಿಯೊಳಗೆ, ಅವನು ಮಲಗುವ ಹೊರಸಿನ ತಲೆದೆಸೆಯಲ್ಲಿ. ಆ ಹೊತ್ತಿಗೇ ಧಾರವಾಡದ ಕೇಂದ್ರಕ್ಕೆ ತಂತಿ ಕೊಟ್ಟರು. ಪೇದೆಗಳನ್ನು ಹತ್ತಿಸಿ ಮೋಟನ್ನು ಬಿಚ್ಚಿ ಇಳಿಸಿದರು.

ಶನಿವಾರ ಹನ್ನೊಂದರ ಬಸ್ಸಿಗೆ ಧಾರವಾಡದಿಂದ ಒಬ್ಬ ಹೆಣ್ಣುಮಗಳು ಬಂದಳು. ಸಕೀನಾ ಬಾಗವಾನ, ಇಪ್ಪತ್ತೆಂಟು ವರ್ಷ, ಕೇಂದ್ರದ ಇಂಜಿನಿಯರು. ರೆಕ್ಕೆಗಳನ್ನು ತಯಾರಿಸಿದವರಲ್ಲಿ ಒಬ್ಬಳು. ಮೂಲತಃ ವಿಜಾಪುರದವಳೇ. ಠಾಣೆಯ ಪಡಸಾಲೆಯಲ್ಲಿ ಎರಡು ಮೇಜು ಜೋಡಿಸಿ, ಪಂಚರ ಎದುರಿಗೆ ಮೊಹರು ಒಡೆದು, ತುಂಡು ಮತ್ತು ಮೋಟು ಎರಡನ್ನೂ ಪಕ್ಕಪಕ್ಕ ಮಲಗಿಸಿದರು. ಅವಳು ಭೂತಗನ್ನಡಿ ಹಿಡಿದು ಅಂಚಿನಿಂದ ಅಂಚಿಗೆ ನೋಡಿದಳು.

ಕೊಡಲಿ ಏಟಿನ ಮಾತು ಮೊದಲು ಬಂತು. ಆ ಕಚ್ಚು ಹೊಸದು, ಕಲ್ಲಿನ ಮೇಲೆ ಬಿದ್ದಾಗ ಆದದ್ದು ಎಂದಳು. ಅದರಲ್ಲಿ ಇನ್ನೂ ಕಲ್ಲಿನ ಚೂರು ಸಿಕ್ಕಿಕೊಂಡಿತ್ತು. ಕೊಡಲಿಯಿಂದ ಕಡಿದಿದ್ದರೆ ಎಲ್ಲ ಎಳೆ ಒಂದೇ ಕಡೆ ತುಂಡಾಗುತ್ತಿದ್ದವು. ಇಲ್ಲಿ ಕಸಬರಿಗೆಯಂತೆ ಒಂದೊಂದು ಒಂದೊಂದು ಉದ್ದಕ್ಕೆ ಹರಿದಿದ್ದವು.

"ಹಂಗಾರ ಇದಕ್ಕೇನಾತು?" ಎಂದರು ಇನಾಮದಾರರು.

"ಇದು ಕಬ್ಬಿಣದಂಗ ಒಂದ ಗಟ್ಟಿ ವಸ್ತು ಅಲ್ರಿ ಸಾಹೇಬ್ರ. ಕಾರ್ಬನ್ ಅಂತ ಕರೀ ನಾರು ಇರತೈತಿ, ಕೂದಲಕಿಂತ ಸಣ್ಣ ಎಳಿ. ಆ ನಾರಿನ ಬಟ್ಟಿ ಇಪ್ಪತ್ತು ಪದರು ಒಂದರ ಮ್ಯಾಲ ಒಂದು ಕುಂದ್ರಿಸಿ ಅಂಟಿನಿಂದ ಕೂಡಸತೀವಿ. ನಾರು ಬಾಳ ಗಟ್ಟಿ. ಆದ್ರ ಪದರಿಗೆ ಪದರು ಹಿಡಕೊಂಡಿದ್ದು ಬರೇ ಅಂಟಿನ ಮ್ಯಾಲ. ಅಂಟು ಬಿಟ್ಟಿತು ಅಂದ್ರ ಪದರು ಬ್ಯಾರಿ ಬ್ಯಾರಿ ಆಗಿ, ಒಂದೊಂದ ಭಾರ ಹೊರಬೇಕಾಗತೈತಿ."

ಅಂಟು ಯಾಕೆ ಬಿಟ್ಟಿತು ಎಂಬುದನ್ನೂ ಅವಳು ವಿವರಿಸಿದಳು. ಮೇ ತಿಂಗಳ ಮೊದಲ ವಾರದಲ್ಲಿ ಆ ಭಾಗದಲ್ಲೆಲ್ಲ ಆಣೆಕಲ್ಲಿನ ಮಳೆ ಬಿದ್ದದ್ದು ಇನಾಮದಾರರಿಗೂ ನೆನಪಿತ್ತು. ಠಾಣೆಯ ಹಂಚು ಒಡೆದಿದ್ದವು. ಒಂದು ದೊಡ್ಡ ಆಣೆಕಲ್ಲು ರೆಕ್ಕೆಗೆ ಬಡಿದರೆ ಮೇಲೆ ಒಂದು ಗೀರೂ ಕಾಣದು. ಒಳಗೆ ಮಾತ್ರ ಜೋಳದ ಕಾಳಿನಷ್ಟು ಜಾಗದಲ್ಲಿ ಪದರು ಬಿಟ್ಟುಕೊಳ್ಳುತ್ತದೆ. ಆಮೇಲೆ ರೆಕ್ಕೆ ಒಂದು ಸುತ್ತು ಬಂದಾಗಲೆಲ್ಲ ಒಮ್ಮೆ ಬಾಗುತ್ತದೆ, ಒಮ್ಮೆ ನೆಟ್ಟಗಾಗುತ್ತದೆ. ನಿಮಿಷಕ್ಕೆ ಅರವತ್ತು ಸುತ್ತು. ಎರಡು ತಿಂಗಳಿಗೆ ಮೂವತ್ತು ಲಕ್ಷಕ್ಕೂ ಹೆಚ್ಚು ಸಲ. ಪ್ರತಿ ಸಲ ಬಾಗಿದಾಗಲೂ ಬಿಟ್ಟ ಜಾಗ ಕೂದಲೆಳೆಯಷ್ಟು ಹಿಗ್ಗುತ್ತದೆ. ಅದಕ್ಕೆ ಅವರ ವಿದ್ಯೆಯಲ್ಲಿ ದಣಿವು ಎಂದೇ ಹೆಸರು. ಅವಳು ಎರಡು ಪದರುಗಳ ನಡುವೆ ಬೆರಳಾಡಿಸಿ ತೋರಿಸಿದಳು. ಬೆರಳ ತುದಿಗೆ ಕಾಡಿಗೆಯಂಥ ಪುಡಿ ಹತ್ತಿತ್ತು. ಬಿಟ್ಟ ಪದರುಗಳು ವಾರಗಟ್ಟಲೆ ಒಂದಕ್ಕೊಂದು ತಿಕ್ಕಿ ಉದುರಿದ ಪುಡಿ ಅದು. ಒಂದು ದಿನದಲ್ಲಿ ಆಗುವಂಥದಲ್ಲ.

"ಹೊರಗ ಕಾಣೂದಿಲ್ಲ ಅಂದ್ರ ಗೊತ್ತಾಗೂದು ಹೆಂಗ?"

ಸಕೀನಾ ತನ್ನ ಚೀಲದಿಂದ ಒಂದು ರೂಪಾಯಿ ನಾಣ್ಯ ತೆಗೆದು ರೆಕ್ಕೆಯ ತುದಿಯ ಕಡೆ ಬಡಿದಳು. ಠಣ್ ಎಂದು ಸ್ಪಷ್ಟವಾದ ಸದ್ದು. ಬಡಿಯುತ್ತ ಬಡಿಯುತ್ತ ಮುರಿದ ಕಡೆ ಬಂದಂತೆ ಸದ್ದು ಇಳಿಯಿತು. ಒಡಕು ಗಡಿಗೆಯನ್ನು ತಟ್ಟಿದಂತೆ ದೊಬ್ ದೊಬ್ ಎಂದಿತು. ಯಲಗೂರಪ್ಪನಿಗೂ ವ್ಯತ್ಯಾಸ ತಿಳಿಯಿತು.

ಪ್ರತಿ ಸೋಮವಾರ ಮೇಸ್ತ್ರಿ ಯಂತ್ರ ನಿಲ್ಲಿಸಿ, ಮೇಲೆ ಹತ್ತಿ, ಮೂರೂ ರೆಕ್ಕೆಗಳನ್ನು ಹೀಗೆ ಬಡಿದು ನೋಡಿ ವಹಿಯಲ್ಲಿ ಬರೆಯಬೇಕೆಂಬುದು ಕೇಂದ್ರದ ನಿಯಮ. ಸದ್ದು ಕೆಟ್ಟರೆ ಯಂತ್ರ ನಿಲ್ಲಿಸಿ ಧಾರವಾಡಕ್ಕೆ ಕಾಗದ ಬರೆಯಬೇಕು. ಇನಾಮದಾರರು ಜಪ್ತಿ ಮಾಡಿ ತಂದಿದ್ದ ವಹಿ ತೆಗೆದರು. ಜೂನ್, ಜುಲೈ, ಪ್ರತಿ ಸೋಮವಾರದ ಮುಂದೆಯೂ ದುಂಡನೆಯ ಅಕ್ಷರದಲ್ಲಿ ಒಂದೇ ಮಾತು: ಮೂರೂ ಸರಿ ಅದಾವ.

"ಆತಗ ಕೇಳಸಿರಲಿಕ್ಕಿಲ್ಲೇನು?"

ಸಕೀನಾ ತಲೆ ಅಲ್ಲಾಡಿಸಿದಳು. ತಾನೇ ಅವನಿಗೆ ಕಲಿಸಿದ್ದೆ, ಕೇಂದ್ರದಲ್ಲಿ ಯಾರಿಗೂ ಅಂಥ ಕಿವಿ ಇಲ್ಲ ಎಂದಳು. ಹಾಗೆ ಹೇಳುತ್ತಲೇ ಮೋಟಿನ ಬಣ್ಣದ ಮೇಲೆ ಉಗುರಾಡಿಸಿ ಬಾಗಿ ನೋಡಿದಳು. ಉಳಿದ ಕಡೆ ಬಣ್ಣ ಮಾಸಿ ಗಡುಸಾಗಿತ್ತು. ಮುರಿದ ಜಾಗದ ಸುತ್ತ ಮೊಳದಷ್ಟು ಮಾತ್ರ ಹೊಸ ಬಣ್ಣ. ಉಗುರಿಗೆ ಇನ್ನೂ ಮೆತ್ತಗೆ ಹತ್ತುತ್ತಿತ್ತು. ಟರ್ಪಂಟೈನ್ ತರಿಸಿದರು. ಅವಳು ಬಟ್ಟೆ ಅದ್ದಿ ನಿಧಾನವಾಗಿ ಒರೆಸತೊಡಗಿದಳು. ಹೊಸ ಬಣ್ಣ ಎದ್ದುಬಂದಂತೆ ಅದರ ಕೆಳಗೆ ಸೀಸದ ಕಡ್ಡಿಯಿಂದ ಒತ್ತಿ ಎಳೆದ ಗೆರೆಗಳು ಕಂಡವು. ಒಂದರೊಳಗೆ ಒಂದು, ಐದು ವರ್ತುಲ. ಮೋಟಿನ ಮೇಲೆ ಅರ್ಧ, ತುಂಡಿನ ಮೇಲೆ ಅರ್ಧ. ಎರಡನ್ನೂ ಹತ್ತಿರ ಸರಿಸಿದಾಗ ಪೂರ್ತಿಯಾದವು. ಪ್ರತಿ ವರ್ತುಲದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ತಾರೀಖು: ೧೧-೬. ೧೮-೬. ೨೫-೬. ೨-೭. ೯-೭. ಮೊದಲನೆಯದು ಹುಣಸೆ ಬೀಜದಷ್ಟು. ಕೊನೆಯದು ಗೇಣಿಗಿಂತ ಹೆಚ್ಚು.

ವಹಿಯ ಅಂಕಿಗಳೂ ರೆಕ್ಕೆಯ ಅಂಕಿಗಳೂ ಒಂದೇ ಕೈಯವು ಎಂಬುದನ್ನು ನೋಡಲು ತಜ್ಞರು ಬೇಕಿರಲಿಲ್ಲ.

"ಎಷ್ಟು ಛಂದ ಗುರುತು ಮಾಡ್ಯಾನ ನೋಡ್ರಿ," ಎಂದಳು ಸಕೀನಾ. "ನಮ್ಮಲ್ಲಿ ಹಿಂಗ ಯಾರೂ ಮಾಡೂದಿಲ್ರಿ. ನಾಳೆ ಹದಿನೈದಕ್ಕ ನಾನ ಬಂದು ನೋಡೂದಿತ್ತು. ಕಾಗದಾ ಹಾಕಿದ್ದೆ."

ಆ ಕಾಗದ ಈರಯ್ಯನಿಗೆ ತಲುಪಿದ ಮೇಲೆ, ಗುರುತು ಅವಳ ಕಣ್ಣಿಗೆ ಬೀಳದಂತೆ ಬಣ್ಣ ಬಿದ್ದಿತ್ತು. ಅಂದು ಸಂಜೆ ಈರಯ್ಯನ ಖೋಲಿಯಲ್ಲಿ ಹೊರಸಿನ ಕೆಳಗೆ ಅರ್ಧ ತುಂಬಿದ ಬಿಳಿ ಬಣ್ಣದ ಡಬ್ಬಿ ಮತ್ತು ಒಣಗಿದ ಕುಂಚ ಪಂಚನಾಮೆಯಲ್ಲಿ ಜಪ್ತಿಯಾದವು. ಅವನು ಅಡ್ಡಿ ಮಾಡಲಿಲ್ಲ. ಪಂಚರಿಗೆ ಚಹಾ ಮಾಡಲೇ ಎಂದು ಕೇಳಿದ. ಐದು ಗಂಟೆಗೆ ಮಾಳಪ್ಪನನ್ನು ಬಿಟ್ಟರು. ಇನಾಮದಾರರು ಅವನಿಗೆ ಏನಾದರೂ ಹೇಳಬೇಕೆಂದುಕೊಂಡರು. ಅವನು ಕೊಡಲಿ ಇಸಿದುಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಆ ಭಾನುವಾರ ಇನಾಮದಾರರು ಜಲನಗರಕ್ಕೆ ಹೋಗಲಿಲ್ಲ. ಬೆಳಿಗ್ಗೆ ಎಂಟಕ್ಕೆ ಯಲಗೂರಪ್ಪನೊಂದಿಗೆ ಮಡ್ಡಿ ಹತ್ತಿದರು. ಯಂತ್ರ ನಿಂತಿತ್ತು. ಡೋಣಿ ಒಣಗಿತ್ತು. ಈರಯ್ಯ ಖೋಲಿಯ ಮುಂದೆ ಕಲ್ಲಿನ ಮೇಲೆ ಕೂತಿದ್ದ. ಇನಾಮದಾರರು ಎದುರಿನ ಕಲ್ಲಿನ ಮೇಲೆ ಕೂತರು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಏನೂ ಹೇಳದೆ ಇರಬಹುದು ಎಂದು ಮೊದಲೇ ತಿಳಿಸಿದರು. ಅದು ಕಾಯಿದೆಯ ಮಾತು. ಆದರೆ ಹೇಳುವಾಗ ಅವರಿಗೆ, ಇವನು ಸುಮ್ಮನಿದ್ದರೆ ಒಳ್ಳೆಯದು ಎಂದೂ ಒಂದು ಕ್ಷಣ ಅನ್ನಿಸಿತು. ಸದ್ದು ಕೇಳಿಸಿತ್ತು, ಇಷ್ಟು ಬೇಗ ಮುರಿಯುತ್ತದೆಂದು ತಿಳಿಯಲಿಲ್ಲ ಎಂದರೆ ಅದು ನಿಷ್ಕಾಳಜಿ, ಜಾಮೀನು ಸಿಗುತ್ತದೆ. ಮುರಿಯುತ್ತದೆಂದು ಗೊತ್ತಿತ್ತು, ಮುರಿದರೆ ಮನುಷ್ಯರು ಸಾಯಬಹುದೆಂದೂ ಗೊತ್ತಿತ್ತು ಎಂದರೆ ಕಲಂ ಬೇರೆ.

"ಜೂನ್ ಹನ್ನೊಂದಕ್ಕ ಸಪ್ಪಳ ಕೇಳಿಸ್ತು?"

"ಕೇಳಿಸ್ತ್ರಿ."

"ವಹಿಯೊಳಗ ಸರಿ ಐತಿ ಅಂತ ಬರದಿ."

"ಬರದೇನ್ರಿ."

"ಮುರೀತೈತಿ ಅಂತ ಗೊತ್ತಿತ್ತೋ ಇಲ್ಲೋ?"

ಈರಯ್ಯ ಮೇಲೆ ನೋಡಿದ. ಇನಾಮದಾರರು ಕಾದರು. ಬೇಕೆಂದೇ ಬಹಳ ಹೊತ್ತು ಕಾದರು.

"ಗೊತ್ತಿತ್ರಿ," ಎಂದ ಈರಯ್ಯ. "ಅದಕ್ಕ ಡೋಣಿ ದೂರ ಒಯ್ದೆ. ಮುರಿದ್ರ ಬುಡಕ್ಕ ಬೀಳತೈತಿ, ಅಲ್ಲಿ ನಾ ಒಬ್ಬನ ಇರತೇನಿ ಅಂದ್ಕೊಂಡಿದ್ದೆ. ಅಷ್ಟು ಹಗುರ ಐತಿ ಅದು, ಗಾಳಿ ಅದನ್ನ ಒಯ್ಯತೈತಿ ಅನ್ನೂದು ನನಗ ಹೊಳಿಲಿಲ್ಲ."

ಡೋಣಿ ಮೊದಲಿನ ಜಾಗದಲ್ಲೇ ಇದ್ದಿದ್ದರೆ ರಾಚವ್ವ ಬದುಕಿರುತ್ತಿದ್ದಳು. ಈ ಮಾತನ್ನು ಇಬ್ಬರೂ ಆಡಲಿಲ್ಲ. ಅದು ಅವನಿಗೆ ಗುರುವಾರ ಬೆಳಿಗ್ಗೆಯಿಂದಲೇ ತಿಳಿದಿತ್ತು ಎಂಬುದು ಮುಖದಲ್ಲಿತ್ತು.

"ಯಾಕ ನಿಲ್ಲಸಲಿಲ್ಲ?" ಎಂದು ಕೇಳಿದರು ಇನಾಮದಾರರು. ಅದು ಕೇಸಿಗೆ ಬೇಕಾದ ಪ್ರಶ್ನೆಯಾಗಿರಲಿಲ್ಲ.

ಉಳಿದದ್ದನ್ನೆಲ್ಲ ಈರಯ್ಯ ತಾನಾಗಿ ಹೇಳಿದ. ಮಡ್ಡಿಗೆ ಬಂದ ಮೊದಲ ದಿನಗಳಲ್ಲಿ ಅವನಿಗೆ ಮಾತಾಡಲು ಒಂದು ನರಪಿಳ್ಳೆ ಇರಲಿಲ್ಲ. ಮಿಲ್ಲಿನಲ್ಲಿ ಇಪ್ಪತ್ತನಾಲ್ಕು ವರ್ಷ ಇನ್ನೂರು ಜನರ ನಡುವೆ ಇದ್ದವನು. ನೀರು ಬಂದ ಮೇಲೆ ಹೆಂಗಸರು ಬರತೊಡಗಿದರು. ಬೆಳಿಗ್ಗೆ ಎರಡು ತಾಸು ಕೊಡದ ಸದ್ದು, ನಗು, ಜಗಳ, ಊರ ಸುದ್ದಿ. ಅವರು ಇವನ ಜೊತೆ ಹೆಚ್ಚೇನೂ ಮಾತಾಡುತ್ತಿರಲಿಲ್ಲ. ರಾಚವ್ವ ಮಾತ್ರ, ಊಟ ಆತೇನ್ರಿ ಅಯ್ಯನೋರ, ಎಂದು ಕೇಳುತ್ತಿದ್ದಳು. ಎಲ್ಲರಿಗಿಂತ ಮೊದಲು ಬರುವವಳೂ ಅವಳೇ. ಫೆಬ್ರುವರಿಯಲ್ಲಿ ಪಂಪಿನ ರಾಡು ಮುರಿದು, ಧಾರವಾಡದಿಂದ ಸಾಮಾನು ಬರಲು ನಲವತ್ತೊಂದು ದಿನ ಹಿಡಿಯಿತು. ಯಂತ್ರ ನಿಂತ ಮರುದಿನದಿಂದ ಹೆಂಗಸರು ಹಳ್ಳದ ಬಾವಿಗೆ ಹೋದರು. ನಲವತ್ತೊಂದು ದಿನ ಯಾರೂ ಮಡ್ಡಿ ಹತ್ತಲಿಲ್ಲ. ವಾರಕ್ಕೊಮ್ಮೆ ಸಂತೆಗೆ ಹೋದಾಗ ಅಂಗಡಿಯವನೊಡನೆ ಎರಡು ಮಾತು, ಅಷ್ಟೇ. ಒಂದು ಮುಂಜಾನೆ ಒಂದು ನಾಯಿ ಬೇಲಿಯ ಹತ್ತಿರ ಬಂತು. ಕರೆಯಲು ಹೋದರೆ ಗಂಟಲಿನಿಂದ ಸ್ವರ ಬರಲಿಲ್ಲ. ಆಗ ಬಹಳ ಹೆದರಿಕೆಯಾಯಿತು ಎಂದ.

"ರೆಕ್ಕಿ ಹೋತು ಅಂದ್ರ ಪರದೇಶದಿಂದ ನಾರು ಬರಬೇಕ್ರಿ. ಆರು ತಿಂಗಳೋ, ವರ್ಷೋ. ಪ್ರತಿ ಸೋಮವಾರ ಮ್ಯಾಲ ಕುಂತು, ಇನ್ನೊಂದು ವಾರ ನಡೀಲಿ ಅಂದೆ. ಹಂಗ ಐದು ವಾರ ಅಂದೇನಿ."

ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ವಿಷಯ ತಿಳಿಸಬೇಕಾದ ಸಂಬಂಧಿಕರು ಎಂಬ ಜಾಗದಲ್ಲಿ ಬರೆಯಲು ಯಲಗೂರಪ್ಪ ಎರಡು ಸಲ ಕೇಳಿದ. ಯಾರೂ ಇಲ್ಲ ಎಂದು ಬರೆದುಕೊಂಡ. ಈರಯ್ಯ ಖೋಲಿಗೆ ಚಿಲಕ ಹಾಕಿ, ಒಮ್ಮೆ ಗೋಪುರದ ಬ್ರೇಕು ಬಿಗಿಯಾಗಿದೆಯೇ ನೋಡಿ ಬಂದು, ಗಾಡಿಯ ಹತ್ತಿರ ನಿಂತ. ಕೈಕೋಳ ಹಾಕಲೇ ಎಂದು ಯಲಗೂರಪ್ಪ ಕಣ್ಣಿನಲ್ಲೇ ಕೇಳಿದ. ಇನಾಮದಾರರು ಬೇಡವೆಂದರು.

ಸೋಮವಾರ ಅವನನ್ನು ವಿಜಾಪುರದ ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಿದರು. ಹೇಳಿಕೆ ಕೊಡುವ ಮೊದಲು ಯೋಚಿಸಲು ಅವನಿಗೆ ಎರಡು ದಿನದ ವೇಳೆ ಕೊಟ್ಟು, ಹತ್ತೊಂಬತ್ತರಂದು ಮ್ಯಾಜಿಸ್ಟ್ರೇಟರೇ ಅವನ ಹೇಳಿಕೆ ಬರೆದುಕೊಂಡರು. ಅಲ್ಲಿಯೂ ಅವನು ಅದನ್ನೇ ಹೇಳಿದ; ಒಂದು ಶಬ್ದ ಹಿಂದೆ ಮುಂದೆ ಮಾಡಲಿಲ್ಲ. ಕಲಂ ೩೦೨ ಮತ್ತು ೪೨೭ ಹೋಗಿ ೩೦೪ರ ಎರಡನೇ ಭಾಗ ಬಂತು: ಕೊಲ್ಲುವ ಉದ್ದೇಶವಿಲ್ಲದಿದ್ದರೂ ಸಾವು ಬರಬಹುದೆಂದು ಗೊತ್ತಿದ್ದು ಮಾಡಿದ ನರಹತ್ಯೆ.

ಇಪ್ಪತ್ತನೇ ತಾರೀಖು ಮಧ್ಯಾಹ್ನ ಗುರಲಿಂಗಪ್ಪ ಅಕ್ಕನ ಮೈಮೇಲಿದ್ದ ಬೆಳ್ಳಿ ಕಡಗ ಮತ್ತು ಕಾಲುಂಗುರ ತೆಗೆದುಕೊಂಡು ಹೋಗಲು ಠಾಣೆಗೆ ಬಂದ. ಪಾವತಿಗೆ ಹೆಬ್ಬೆಟ್ಟು ಒತ್ತಿದ. ಆಮೇಲೂ ಏಳದೆ ಕೂತಿದ್ದ. ಮಾಳಪ್ಪನ ಮನೆಗೆ ಹೋಗಿ ತಪ್ಪಾಯಿತು ಎಂದು ಹೇಳಿ ಬಂದೆ ಎಂದ. ಆ ಅಯ್ಯ ಯಾಕೆ ಹೀಗೆ ಮಾಡಿದ, ತನ್ನ ಅಕ್ಕ ಅವನಿಗೇನು ಅನ್ಯಾಯ ಮಾಡಿದ್ದಳು ಎಂದು ಕೇಳಿದ.

ಇನಾಮದಾರರು ಬಾಗಿಲ ಕಡೆ ಒಮ್ಮೆ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಲವತ್ತೊಂದು ದಿನದ ಮಾತನ್ನೂ ಹೇಳಿದರು. ಗುರಲಿಂಗಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕಡಗದ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಅಲ್ಲಿಂದ ನಮ್ಮ ಮನಿ ಒಂದೂವರಿ ಮೈಲ ಐತ್ರಿ," ಎಂದ. "ಸಂಜೀಕ ಬಂದು ಕಟ್ಟಿ ಮ್ಯಾಲ ಕುಂತಿದ್ರ ಯಾರು ಬ್ಯಾಡ ಅಂತಿದ್ರು?"

ಇನಾಮದಾರರು ಪಾವತಿಯನ್ನು ಮಡಚಿ ಫೈಲಿಗೆ ಸೇರಿಸಿದರು.

"ಅದು ಆತಗ ಗೊತ್ತಿರಲಿಲ್ಲಪ್ಪ," ಎಂದರು ಕೊನೆಗೆ.

ಗುರಲಿಂಗಪ್ಪ ಎದ್ದು ಕೈ ಮುಗಿದು ಹೊರಗೆ ಹೋದ. ಸೈಕಲ್ ಹತ್ತಿದವನು ಎದುರು ಗಾಳಿಗೆ ತುಳಿಯಲಾಗದೆ ಸ್ವಲ್ಪ ದೂರದಲ್ಲೇ ಇಳಿದ. ಹ್ಯಾಂಡಲ್ ಹಿಡಿದು, ತಲೆ ತಗ್ಗಿಸಿ, ನಿಡೋಣಿಯ ದಾರಿಯಲ್ಲಿ ನಡೆಯತೊಡಗಿದ.